ಟವಲಿನ ಕೆಳಗಿನ ಕೈ

ದೆವ್ವ ಕಂಡೆ, ಕನಸಿನಲ್ಲಿ ಬಂದದ್ದು ನಿಜವಾಯಿತು ಎನ್ನುವವರನ್ನು ನಾನು ಒಂದು ಕಾಲದಲ್ಲಿ ಎದುರಿಗೇ ಗೇಲಿ ಮಾಡುತ್ತಿದ್ದೆ. ತಾಯತ, ಕಪ್ಪು ದಾರ, ಉಂಗುರ ಯಾವುದೂ ನನ್ನ ಮೈಮೇಲೆ ಇರಲಿಲ್ಲ. ಮದುವೆಯಲ್ಲಿ ಮಾವನವರು ಹಾಕಿದ ಚಿನ್ನದ ಉಂಗುರವನ್ನೂ ಬೆರಳು ಬೆವರುತ್ತದೆ ಎಂದು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬಂದು ಹೇಳಿದ್ದರೆ, ಬಿಸಿಲು ನೆತ್ತಿಗೇರಿದೆ, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿ ಎಂದು ಕಳಿಸುತ್ತಿದ್ದೆ. ನೀವು ನನಗೆ ಅದನ್ನೇ ಹೇಳಿದರೂ ನನಗೆ ಬೇಸರವಿಲ್ಲ.

ಮೈಸೂರಿನಲ್ಲಿ ನನ್ನದೊಂದು ಸಣ್ಣ ಉಡುಗೊರೆ ಅಂಗಡಿ ಇತ್ತು. ದಸರೆಗೆ ಬೇಕಾದ ಬೊಂಬೆಗಳನ್ನು ಬೇಸಿಗೆಯಲ್ಲೇ ಕೊಂಡುಬಿಡುವುದು ನನ್ನ ಪದ್ಧತಿ. ಮಾಗಡಿ, ಕನಕಪುರ, ರಾಮನಗರ ಎಂದು ಸುತ್ತಿ, ಕೊನೆಗೆ ಚನ್ನಪಟ್ಟಣದಲ್ಲಿ ವ್ಯಾಪಾರ ಮುಗಿಸುತ್ತಿದ್ದೆ. ಬೊಂಬೆ ಬರೀ ನೆಪ, ತಿರುಗುವುದು ಟೀಗೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಅದೂ ಸುಳ್ಳಲ್ಲ. ಮಾಗಡಿಯ ಹೋಟೆಲಿನವರು ಟೀಗೆ ಸಕ್ಕರೆ ಸುರಿದು ಕೆಡಿಸುತ್ತಾರೆ, ಕನಕಪುರದಲ್ಲಿ ಹಾಲು ಚೆನ್ನಾಗಿರುತ್ತದೆ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ಹೋಟೆಲಿನಲ್ಲಿ ಮಾತ್ರ ಟೀ ಟೀಯ ಹಾಗಿರುತ್ತದೆ ಎಂದು ಕೇಳದವರಿಗೂ ಹೇಳುತ್ತಿದ್ದೆ.

ಆಗ ರೇಷ್ಮೆಗೆ ಬೆಲೆ ಬಂದಿದ್ದ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಗೂಡು ಮಾರಿದವರು ಮೋಟರ್ ಸೈಕಲ್ ಕೊಳ್ಳುತ್ತಿದ್ದರು, ಮನೆಗೆ ಹೆಂಚು ತೆಗೆದು ಆರ್‌ಸಿಸಿ ಹಾಕಿಸುತ್ತಿದ್ದರು, ಜೊತೆಗೆ ಹೊಡೆದಾಡುತ್ತಲೂ ಇದ್ದರು. ಒಂದಡಿ ಬದು ಒತ್ತಿದ್ದಕ್ಕೆ, ಒಂದು ಹೊರೆ ಸೊಪ್ಪು ಕದ್ದದ್ದಕ್ಕೆ ತಲೆ ಒಡೆದ ಸುದ್ದಿ ನಾನು ಹೋದ ಹೋಟೆಲಿನಲ್ಲೆಲ್ಲ ಸಿಗುತ್ತಿತ್ತು. ಭೂಮಿಗೆ ಬೆಲೆ ಬಂದರೆ ಮನುಷ್ಯನಿಗೆ ಇಳಿಯುತ್ತದೆ ಎಂದು ನಮ್ಮ ತಾತ ಹೇಳುತ್ತಿದ್ದುದು ನೆನಪಾಗುತ್ತಿತ್ತು.

ಚನ್ನಪಟ್ಟಣದಲ್ಲಿ ನಾನು ಬೊಂಬೆ ಕೊಳ್ಳುತ್ತಿದ್ದುದು ಕೆಂಪಣ್ಣನ ಹತ್ತಿರ. ಸಾತನೂರಿನ ಕಡೆಯ ಒಕ್ಕಲು ಮನೆಯವನು. ಚಿಕ್ಕಂದಿನಲ್ಲೇ ಪೇಟೆಗೆ ಬಂದು ಮರ ಕಡೆಯುವ ಲೇತಿನ ಕೆಲಸ ಕಲಿತು, ಮುಂದೆ ಅಂಗಡಿ, ಹಿಂದೆ ಲೇತು ಇಟ್ಟುಕೊಂಡಿದ್ದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವಾಗ ಅವನ ಬಲಗೈ ನೋಡುತ್ತ ನಿಂತರೆ ನನಗೆ ಬಸ್ಸಿನ ಹೊತ್ತು ಮರೆಯುತ್ತಿತ್ತು. ಅವನ ಹೆಂಡತಿ ಜಯಮ್ಮ ಅಂಗಡಿಯಲ್ಲಿ ಕೂರುತ್ತಿದ್ದಳು. ಊರಿನಲ್ಲಿದ್ದವನು ತಮ್ಮ ಸಿದ್ದರಾಜು. ಅಪ್ಪ ಸಾಯುವಾಗ ಹೊಲ ಚಿಕ್ಕವನಿಗೆ, ಹೊಲದ ಬದುವಿನ ಮೇಲಿನ ಐದು ಹಾಲೆ ಮರಗಳು ಮಾತ್ರ ಅಂಗಡಿ ಇರುವ ದೊಡ್ಡವನಿಗೆ ಎಂದು ಹೇಳಿ ಸತ್ತಿದ್ದ. ಬೊಂಬೆಗೆ ಹಾಲೆ ಮರವೇ ಬೇಕು. ಆದರೆ ಹೊಲ ಹಿಪ್ಪುನೇರಳೆಯಾದ ಮೇಲೆ, ಆ ಮರಗಳ ನೆರಳಿಗೆ ಸೊಪ್ಪು ಏಳುವುದಿಲ್ಲ, ಕಡಿಯುತ್ತೇನೆ ಎಂದು ಸಿದ್ದರಾಜು ಹಟ ಹಿಡಿದ.

ಜಗಳ ಬಾಯಲ್ಲಿ ಉಳಿಯಲಿಲ್ಲ. ಸಿದ್ದರಾಜು ಒಂದು ಮರದ ಬುಡಕ್ಕೆ ಮಚ್ಚು ಹಾಕಿದ ದಿನ ಕೆಂಪಣ್ಣ ಅವನನ್ನು ಬದುವಿನಿಂದ ಕೆಳಕ್ಕೆ ಕೆಡವಿ, ಎದೆಯ ಮೇಲೆ ಕೂತು ಗುದ್ದಿ, ಮುಂದಿನ ಹಲ್ಲು ಉದುರಿಸಿದ್ದ. ಅದಕ್ಕೆ ಸಿದ್ದರಾಜು ಸಾತನೂರು ಸಂತೆಯಲ್ಲಿ ಅಣ್ಣನ ಕುತ್ತಿಗೆಗೆ ಅವನದೇ ಟವಲ್ ಬಿಗಿದು, ಕಣ್ಣು ಮೇಲಾಗುವವರೆಗೆ ಎಳೆದಾಡಿದ್ದ. ಬಿಡಿಸಲು ಹೋದ ತಾಯಿ ಬಿದ್ದು ಕೈ ಮುರಿದುಕೊಂಡಳು. ಆಮೇಲೆ ಆಕೆ ಇಬ್ಬರಿಗೂ ಒಂದೇ ಮಾತು ಹೇಳಿದ್ದಳಂತೆ: ನಾನು ಕಣ್ಣು ಮುಚ್ಚುವುದರೊಳಗೆ ಇದನ್ನು ಮುಗಿಸಿ.

ಆ ಬೇಸಿಗೆ ನಾನು ಹೋದಾಗ ಕೆಂಪಣ್ಣ ಬೊಂಬೆಯ ಮಾತೇ ಎತ್ತಲಿಲ್ಲ. "ನಿಮ್ ತಾತ ದನದ ದಲ್ಲಾಳಿ ಅಂದಿದ್ರಲ್ಲಣ್ಣ, ಟವಲ್ ಮಾತು ಬತ್ತದಾ ನಿಮ್ಗೆ?" ಎಂದು ಕೇಳಿದ.

ಬರುತ್ತಿತ್ತು. ದನದ ಜಾತ್ರೆಗಳಲ್ಲಿ, ಗೂಡಿನ ವ್ಯಾಪಾರದಲ್ಲಿ ಹಿಂದಿನಿಂದ ನಡೆದು ಬಂದ ಕ್ರಮ ಅದು. ಇಬ್ಬರ ಕೈ ಮೇಲೆ ಟವಲ್ ಮುಚ್ಚಿ, ಒಳಗೆ ಒಬ್ಬ ಎಷ್ಟು ಬೆರಳು ಕೊಡುತ್ತಾನೋ ಇನ್ನೊಬ್ಬ ಅಷ್ಟನ್ನು ಹಿಡಿದು ತಿಳಿಯಬೇಕು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ದಲ್ಲಾಳಿ ಒಬ್ಬನ ಕೈಯಿಂದ ತಂದದ್ದನ್ನು ಇನ್ನೊಬ್ಬನ ಕೈಗೆ ಮುಟ್ಟಿಸುತ್ತಾನೆ. ಎರಡನೇ ಸಲ ಕೇಳುವಂತಿಲ್ಲ, ಒಳಗೆ ಆದದ್ದನ್ನು ಹೊರಗೆ ಬಾಯಿ ಬಿಡುವಂತಿಲ್ಲ. ಏಳೆಂಟು ವರ್ಷದವನಿದ್ದಾಗಲೇ ತಾತ ನನಗೆ ಇದನ್ನು ಕಲಿಸಿದ್ದರು.

"ಬಾಯಲ್ಲಿ ಆಡಿದ್ರೆ ಮಾತು ಎದೇಲಿ ಉಳ್ಕಂತದೆ. ಬೆರಳಲ್ಲಾದ್ರೆ ಟವಲ್ ಕೊಡವಿದ್ರೆ ಆಯ್ತು," ಎಂದ ಕೆಂಪಣ್ಣ. "ಊರೋರೆಲ್ಲ ಆ ಕಡೆ ಈ ಕಡೆ ಆಗೋಗವ್ರೆ. ನೀವು ಹೊರಗಿನೋರು. ಬೆರಳಿಗೊಂದು ಮರ. ಎಷ್ಟು ಮರ ಅವನಿಗೆ ಬುಡ್ತೀನಿ ಅಂತ ನಿಮ್ ಕೈಗೆ ಕೊಡ್ತೀನಿ, ಅವನಿಗೆ ಮುಟ್ಟಿಸ್ಬುಡಿ."

ಸಿದ್ದರಾಜು ಅಂದು ಗೂಡು ಮಾರಲು ರಾಮನಗರಕ್ಕೆ ಬರುವವನಿದ್ದ. ನಾವಿಬ್ಬರೂ ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ಗೂಡಿನ ಮಾರುಕಟ್ಟೆಯ ಎದುರಿನ ಆ ಹೋಟೆಲಿಗೆ ಹೋದೆವು. ಮಾರುಕಟ್ಟೆ ಆಗಷ್ಟೇ ಮುಗಿದಿತ್ತು, ಕೂರಲು ಜಾಗವಿಲ್ಲದಷ್ಟು ಜನ. ಗೂಡಿನ ವಾಸನೆ, ಬೀಡಿ, ಬೆವರು, ಕಾದ ತಗಡಿನ ಚಾವಣಿ. ಮೂಲೆಯಲ್ಲಿ ಗೂಡಿನಿಂದ ನೂಲು ತೆಗೆಸುವ ಇಬ್ಬರು ರೀಲರುಗಳು ಕೊರಳಪಟ್ಟಿ ಹಿಡಿದುಕೊಂಡಿದ್ದರು, ಯಾರೂ ಅತ್ತ ನೋಡುತ್ತಿರಲಿಲ್ಲ. ಸಿದ್ದರಾಜು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದ. ಕಾಲ ಬಳಿ ಗೋಣಿಯಲ್ಲಿ ಸುತ್ತಿದ ಸೊಪ್ಪು ಕಡಿಯುವ ಮಚ್ಚು ಇತ್ತು. ಕಮ್ಮಾರನ ಹತ್ತಿರ ಸಾಣೆ ಹಿಡಿಸಿಕೊಂಡು ಬಂದಿದ್ದನಂತೆ.

ಕೆಂಪಣ್ಣನನ್ನು ಒಳಗಿನ ಮೇಜಿನಲ್ಲಿ ಕೂರಿಸಿ ಮೊದಲು ಸಿದ್ದರಾಜುವಿನ ಹತ್ತಿರ ಹೋದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಎಲ್ಲಾನೂ ಬುಟ್ಕೊಡ್ತಾನಂತೆ ಅಣ್ಣ. ಅವ್ವ ಹೇಳವ್ಳೆ," ಎಂದ. "ನೀವು ಬೆರಳಲ್ಲಿ ತಂದುಬುಡಿ. ನಾನೇ ಎದ್ದೋಗಿ ಕಾಲು ಹಿಡ್ಕತೀನಿ."

ನಾನು ಬಂದು ಕೆಂಪಣ್ಣನ ಎದುರು ಕೂತೆ. ಅವನು ಹೆಗಲ ಮೇಲಿನ ಕೆಂಪು ಟವಲ್ ತೆಗೆದು ಮೇಜಿನ ಮೇಲೆ ಹರವಿ, ಅದರ ಕೆಳಗೆ ತನ್ನ ಬಲಗೈ ಇಟ್ಟ. ನಾನು ನನ್ನ ಕೈ ತೂರಿಸಿ ಹಿಡಿದೆ.

ಹೆಬ್ಬೆರಳು ಇತ್ತು, ತೋರುಬೆರಳು ಇತ್ತು, ನಡುಬೆರಳು ಇತ್ತು. ಅಷ್ಟೇ. ಮಡಿಚಿದ ಬೆರಳಾದರೆ ಗೆಣ್ಣು ಸಿಗುತ್ತದೆ, ಅಲ್ಲಿ ಗೆಣ್ಣಿರಲಿಲ್ಲ. ಬೆರಳು ಮೊದಲಾಗಬೇಕಾದ ಕಡೆ ಚರ್ಮ ನುಣ್ಣಗೆ ಮುಚ್ಚಿಕೊಂಡಿತ್ತು, ಉಂಗುರಬೆರಳಿನ ಜಾಗದಲ್ಲಿ ಹುರುಳಿಕಾಳಿನಷ್ಟು ಗಟ್ಟಿ ಗಂಟೊಂದಿತ್ತು. ಎಂದೋ ಆಗಿ ಮಾಗಿದ ಗಾಯ. ತಟ್ಟನೆ ಕೈ ಎಳೆದುಕೊಂಡೆ. ಕೆಂಪಣ್ಣನೂ ಯಾಕೋ ಹುಬ್ಬು ಗಂಟಿಕ್ಕಿ, ಟವಲ್ ಎತ್ತಿ ನನ್ನ ಕೈಯನ್ನೇ ನೋಡಿದ. ಆಮೇಲೆ ಅದೇ ಬಲಗೈಯಿಂದ ಟೀ ಲೋಟ ಎತ್ತಿಕೊಂಡ. ಐದೂ ಬೆರಳು ಲೋಟದ ಸುತ್ತ ಇದ್ದವು.

ನಾನು ನನಗೇ ಬುದ್ಧಿ ಹೇಳಿಕೊಂಡೆ. ಬಿಸಿಲು, ಗದ್ದಲ, ಬೆಳಗ್ಗೆಯಿಂದ ಟೀ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಎರಡು ಬೆರಳು ಮಡಿಚಿದ್ದಾನೆ, ಕೊನೇ ಗಳಿಗೆಯಲ್ಲಿ ಎರಡು ಮರ ಉಳಿಸಿಕೊಳ್ಳುವ ಮನಸ್ಸಾಗಿದೆ, ಅಷ್ಟೇ. ಎರಡನೇ ಸಲ ಕೇಳುವಂತಿಲ್ಲ. ಟವಲ್ ತೆಗೆದುಕೊಂಡು ಹೋಗಿ ಸಿದ್ದರಾಜುವಿನ ಕೈಗೆ ಮೂರು ಬೆರಳು ಕೊಟ್ಟೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಎದ್ದಾಗ ಗೋಣಿ ನೆಲದಲ್ಲಿತ್ತು, ಮಚ್ಚು ಕೈಯಲ್ಲಿತ್ತು. "ಅವ್ವನ್ ಮುಂದೊಂದು, ನನ್ ಮುಂದೊಂದೇನ್ಲಾ? ಮಂದಿ ಕೂರಿಸ್ಕಂಡು ಆಡ್ಕತೀಯಾ?" ಎಂದು ಒಳಕ್ಕೆ ನುಗ್ಗಿದ. ಕೆಂಪಣ್ಣ ಎದ್ದು ನಿಂತು ಬಲಗೈಯನ್ನು ಅಗಲವಾಗಿ ಬಿಡಿಸಿ ಅವನ ಮುಖಕ್ಕೆ ಎದುರಾಗಿ ಹಿಡಿದ. ಏನೋ ಹೇಳಲು ಬಾಯಿ ತೆರೆದಿದ್ದ. ಮಚ್ಚು ಆ ಕೈ ಮೇಲೆಯೇ ಬಿತ್ತು.

ಅಲ್ಲಿಂದ ಮುಂದಿನದು ನನಗೆ ಸದ್ದುಗಳಾಗಿ ಮಾತ್ರ ನೆನಪಿದೆ. ಲೋಟಗಳು ಒಡೆದದ್ದು, ಬೆಂಚು ಉರುಳಿದ್ದು, ಕುದಿಯುವ ಟೀ ಚೆಲ್ಲಿ ಯಾರೋ ಅರಚಿದ್ದು. ಎರಡನೇ ಏಟು ಕೆಂಪಣ್ಣನ ಭುಜಕ್ಕೆ ಬಿತ್ತು. ಮೂರನೆಯದನ್ನು ಎತ್ತುವಾಗ ನಾನು ಸಿದ್ದರಾಜುವಿನ ಸೊಂಟ ತಬ್ಬಿ ಎಳೆದೆ. ಅವನ ಮೊಣಕೈ ಬಡಿದು ನನ್ನ ಮೂಗಿನಿಂದ ರಕ್ತ ಸುರಿಯಿತು. ಜನ ಅವನ ಮೇಲೆ ಬಿದ್ದು, ಸ್ಟೂಲಿನಿಂದ ತಲೆಗೆ ಬಡಿದು, ಬೀದಿಗೆ ಎಳೆದು ತುಳಿದರು. ತುಳಿದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅವನು ಯಾರೆಂದೇ ಗೊತ್ತಿರಲಿಲ್ಲ. ಕೆಂಪಣ್ಣ ಮೇಜಿಗೆ ಒರಗಿ ನೆಲ ನೋಡುತ್ತ ಕೂತಿದ್ದ. ನಾನು ಅದೇ ಕೆಂಪು ಟವಲಿನಲ್ಲಿ ಅವನ ಕೈ ಸುತ್ತಿದೆ. ಸುತ್ತುವಾಗ ಯಾವ ಬೆರಳುಗಳು ಹೋಗಿವೆ ಎಂದು ಕಂಡಿತು. ಕಿರುಬೆರಳು ಮತ್ತು ಉಂಗುರಬೆರಳು.

ಇಬ್ಬರೂ ಬದುಕಿದರು. ಕೇಸು ಕೋರ್ಟಿನವರೆಗೆ ಹೋಗಿ ರಾಜಿಯಾಯಿತಂತೆ, ಅಣ್ಣ ತಮ್ಮ ಮಾತ್ರ ಒಂದಾಗಲಿಲ್ಲ. ಕೆಂಪಣ್ಣ ಬೆರಳು ಮಡಿಚಿ ಮೋಸ ಮಾಡಿದ, ತಮ್ಮ ಕೋಪದಲ್ಲಿ ಕಡಿದ, ಹೋದದ್ದು ಅವೇ ಎರಡು ಬೆರಳಾದದ್ದು ಕಾಕತಾಳೀಯ ಎಂದು ನಾನು ಮನಸ್ಸಿನಲ್ಲಿ ಗಂಟು ಕಟ್ಟಿ ಇಟ್ಟುಬಿಟ್ಟೆ. ಬೊಂಬೆಗಳನ್ನು ಜಯಮ್ಮ ಬಸ್ಸಿಗೆ ಹಾಕಿ ಕಳಿಸುತ್ತಿದ್ದಳು. ನಾನು ಆ ಕಡೆ ಇಳಿಯಲಿಲ್ಲ. ಟೀ ಕುಡಿಯಲೂ ಇಳಿಯಲಿಲ್ಲ.

ಎಷ್ಟೋ ವರ್ಷ ಕಳೆದು, ಬಿಡದಿಯ ಸುತ್ತ ಕಾರ್ಖಾನೆಗಳೆದ್ದ ಮೇಲೆ, ಒಂದು ಬೇಸಿಗೆ ಬೆಂಗಳೂರಿನಿಂದ ವಾಪಸು ಬರುವಾಗ ಚನ್ನಪಟ್ಟಣದಲ್ಲಿ ಇಳಿದೆ. ವಯಸ್ಸಾಗಿತ್ತು, ಹೋಗಿ ನೋಡಬೇಕೆನಿಸಿತು. ಕೆಂಪಣ್ಣ ಲೇತಿನ ಮುಂದೆಯೇ ಇದ್ದ. ಮೂರು ಬೆರಳಿನಲ್ಲಿ ಅರಗಿನ ಕಡ್ಡಿ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದ, ಬಣ್ಣ ಮೊದಲಿನಷ್ಟು ಸಮನಾಗಿ ಹತ್ತುತ್ತಿರಲಿಲ್ಲ. ಜಯಮ್ಮ ಎದುರಿನ ಹೋಟೆಲಿನಿಂದ ಟೀ ತರಿಸಿದಳು. ಅದನ್ನು ಕುಡಿಯುತ್ತ ನನ್ನ ಬಾಯಿಂದ ಬಂದೇ ಬಿಟ್ಟಿತು.

"ಕೆಂಪಣ್ಣ, ಅವತ್ತು ಐದೂ ಕೊಟ್ಟುಬಿಟ್ಟಿದ್ದರೆ ಮುಗಿದುಹೋಗ್ತಿತ್ತಲ್ಲ?"

ಅವನು ಲೇತು ನಿಲ್ಲಿಸಿದ. "ಐದೂ ಕೊಟ್ನಲ್ಲಣ್ಣ. ಪೂರ್ತಿ ಕೈ ನಿಮ್ ಅಂಗೈಲಿ ಮಡಗಿದ್ನಲ್ಲ. ಅವನು ನುಗ್ಗಿ ಬಂದಾಗ್ಲೂವೆ ಐದು ಕಣ್ಲಾ ಅಂತ ಬಿಡಿಸಿ ತೋರಿಸ್ದೆ. ಎಲ್ಲಾ ಕೊಟ್ಟ ಮ್ಯಾಕೂ ಕಡಿದ್ಬುಟ್ನಲ್ಲ ಅಂತಾನೆ ಇವತ್ಗೂ ಅವನ ಮೊಕ ನೋಡಿಲ್ಲ. ಅವ್ವ ಸತ್ತಾಗ್ಲೂ ಅವನೊಂದು ಕಡೆ, ನಾನೊಂದು ಕಡೆ."

ನಾನು ಲೋಟ ಕೆಳಗಿಟ್ಟೆ. "ನನಗೆ ಸಿಕ್ಕಿದ್ದು ಮೂರೇ," ಎಂದೆ. "ನಾನು ಅವನಿಗೆ ಮುಟ್ಟಿಸಿದ್ದೂ ಮೂರೇ." ಟವಲಿನ ಕೆಳಗೆ ನನಗೆ ತಗುಲಿದ್ದನ್ನು, ನುಣ್ಣಗಿನ ಚರ್ಮವನ್ನು, ಹುರುಳಿಕಾಳಿನಂಥ ಗಂಟನ್ನು, ಎಲ್ಲವನ್ನೂ ಮೊದಲ ಸಲ ಒಬ್ಬರಿಗೆ ಹೇಳಿದೆ.

ಕೆಂಪಣ್ಣ ನಗಲಿಲ್ಲ, ಬೈಯಲಿಲ್ಲ. ಹೆಗಲ ಮೇಲಿನ ಟವಲ್ ತೆಗೆದು ಬಲಗೈ ಮೇಲೆ ಮುಚ್ಚಿ ನನ್ನ ಮುಂದೆ ಹಿಡಿದ. "ಹಿಡೀರಿ," ಎಂದ.

ಹಿಡಿದೆ. ಮೂರು ಬೆರಳು, ಮುಚ್ಚಿಕೊಂಡ ಚರ್ಮ, ಆ ಗಂಟು. ಇದೇ ಕೈಯನ್ನು ನಾನು ಆ ಹೋಟೆಲಿನಲ್ಲಿ ಹಿಡಿದಿದ್ದೆ. ಅದನ್ನು ಹೇಳುವ ಮೊದಲೇ ಕೆಂಪಣ್ಣ ತಟ್ಟನೆ ಕೈ ಕಿತ್ತುಕೊಂಡು, ಟವಲ್ ಎಳೆದು ನನ್ನ ಬೆರಳು ನೋಡಿದ.

"ಈ ಉಂಗ್ರ ಯಾವಾಗ ಹಾಕಂಡ್ರಿ?"

ಕೀಲು ನೋವಿಗೆ ಒಳ್ಳೆಯದೆಂದು ಹಿಂದಿನ ವರ್ಷ ಹೆಂಡತಿ ಬಲವಂತವಾಗಿ ತೊಡಿಸಿದ್ದ ತಾಮ್ರದ ಉಂಗುರ ಅದು. ತುದಿ ಬೆಸೆದಿರಲಿಲ್ಲ, ಬಾಯಿ ಬಿಟ್ಟುಕೊಂಡಿತ್ತು. ಹಾಗೆಂದು ಹೇಳಿದೆ.

"ಅವತ್ತು ಇದು ನನ್ ಬೆರಳಿಗೆ ಚುಚ್ಚಿತ್ತು," ಎಂದ ಕೆಂಪಣ್ಣ. "ಇದೇ ಬಾಯಿ ಬಿಟ್ಟಿರೋ ಉಂಗ್ರ. ಟವಲ್ ಎತ್ತಿ ನೋಡಿದ್ರೆ ನಿಮ್ ಕೈಯಾಗೆ ಏನೂ ಇರ್ನಿಲ್ಲ. ಬಿಸ್ಲಿಗೆ ಹಂಗಾಯ್ತು ಅಂದ್ಕಂಡೆ."

ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಅವನು, "ಹಂಗಾರೆ ಅವನಿಗೆ ಐದು ತಲುಪ್ಲೇ ಇಲ್ಲ," ಎಂದ, ನನಗಲ್ಲ, ತನಗೇ. ಎದ್ದು ಅಂಗಿ ಹಾಕಿಕೊಂಡ. ಸಾತನೂರಿನ ಬಸ್ಸು ಎಷ್ಟೊತ್ತಿಗೆ ಎಂದು ಜಯಮ್ಮನನ್ನು ಕೇಳಿ, ಉತ್ತರಕ್ಕೂ ಕಾಯದೆ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟ. ಟವಲ್ ಲೇತಿನ ಮೇಲೆಯೇ ಉಳಿದಿತ್ತು.

ನಾನು ಇದನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಎಷ್ಟೋ ಸಲ ಯೋಚಿಸಿದ್ದೇನೆ. ಆ ಬೆರಳುಗಳು ಹೋಗಿದ್ದರಿಂದ ನನಗೆ ಮೂರು ಸಿಕ್ಕಿತು. ನನಗೆ ಮೂರು ಸಿಕ್ಕಿದ್ದರಿಂದ ಆ ಬೆರಳುಗಳು ಹೋದವು. ಇದರ ತುದಿ ಎಲ್ಲಿ, ಬುಡ ಎಲ್ಲಿ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಉಂಗುರವನ್ನು ಬಿಚ್ಚಿ ಎಸೆಯೋಣವೆಂದರೆ ಭಯ, ಇಟ್ಟುಕೊಳ್ಳೋಣವೆಂದರೂ ಭಯ. ತಾತ ಕಲಿಸಿದ ಎಣಿಕೆಯಲ್ಲಿ ನಾನು ತಪ್ಪಲಿಲ್ಲ ಎನ್ನುವುದು ಮಾತ್ರ ಗೊತ್ತು, ಅದರಿಂದ ಯಾವ ಸಮಾಧಾನವೂ ಇಲ್ಲ.

ಅಂದು ಕೆಂಪಣ್ಣ ಹೋದ ಮೇಲೆ, ಆ ಮರಗಳು ಏನಾದವು ಎಂದು ಜಯಮ್ಮನನ್ನು ಕೇಳಿದೆ. ಆಕೆ ಟವಲ್ ತೆಗೆದು ಮಡಿಚುತ್ತ, "ಐದೂ ಹಂಗೇ ಅವೆ ಕಣಣ್ಣ," ಎಂದಳು. "ಅವತ್ತಿಂದ ಸಿದ್ದರಾಜು ಒಂದ್ಕೂ ಮಚ್ಚು ಮುಟ್ಟಿಸ್ನಿಲ್ಲ."