ಸಕ್ಕರೆಯವನ ಮಧ್ಯಾಹ್ನದ ನಿದ್ದೆ

ಮಧ್ಯಾಹ್ನ ಊಟವಾದ ಮೇಲೆ ನಿದ್ದೆ ಬರುತ್ತದೆ ಎಂಬುದನ್ನು ನಮ್ಮ ಧಾರವಾಡದಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ನಿದ್ದೆಯನ್ನೇನೋ ಮಾಡುತ್ತಾರೆ, ಆ ಮಾತು ಬೇರೆ. ಆದರೆ ಎದೆಯ ಮೇಲೊಂದು ಪೇಪರು ಹರಡಿಕೊಂಡೇ ಮಲಗುತ್ತಾರೆ. ಯಾರಾದರೂ ಎಬ್ಬಿಸಿದರೆ "ಇಲ್ರೀ, ಸುಮ್ನ ಕಣ್ಣು ಮುಚ್ಚಿದ್ದೆ" ಎಂದು ಗಡಬಡಿಸಿ ಎದ್ದು, ಬೇಕಾದರೆ ಅರ್ಧ ಸುದ್ದಿಯನ್ನು ಓದಿಯೂ ತೋರಿಸುತ್ತಾರೆ. ಗೋವೆಯಲ್ಲಿ ಈ ನಾಟಕ ಇಲ್ಲ. ಒಂದು ಗಂಟೆಯಾಯಿತೆಂದರೆ ಅಂಗಡಿಗಳ ಷಟರ್‌ಗಳು ಗರಗರನೆ ಕೆಳಗಿಳಿಯುತ್ತವೆ. ಔಷಧಿ ಮಾರುವವನೂ ಮಲಗುತ್ತಾನೆ, ಹಾಸಿಗೆ ಮಾರುವವನೂ ಮಲಗುತ್ತಾನೆ. ಅದಿರು ಕಂಪನಿಯೊಂದರ ಪ್ರಯೋಗಾಲಯದ ಕೆಲಸಕ್ಕೆಂದು ನಾನು ಡಿಚೋಲಿಗೆ ಬಂದ ಹೊಸತರಲ್ಲಿ, ಆ ಹೊತ್ತಿಗೆ ಬ್ಲೇಡು ಕೊಳ್ಳಲು ಪೇಟೆಗೆ ಹೋಗಿ, ಸಾಲಾಗಿ ಮುಚ್ಚಿದ ಬಾಗಿಲುಗಳನ್ನು ಕಂಡು, ಊರಿನ ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ತಲೆ ತಗ್ಗಿಸಿ ಮನೆಗೆ ಮರಳಿದ್ದೆ.

ಆದ್ದರಿಂದ ಎಂಬತ್ತರ ದಶಕದ ಕೊನೆಯಲ್ಲಿ, ನಲವತ್ತು ದಾಟಿದ ನನಗೂ ಮಧ್ಯಾಹ್ನ ಕಣ್ಣು ಎಳೆಯತೊಡಗಿದಾಗ, ನನಗಾದದ್ದು ಸಂತೋಷ. ಅಂತೂ ಈ ನೆಲ ನನ್ನನ್ನು ತನ್ನವನೆಂದು ಒಪ್ಪಿಕೊಂಡಿತು ಎಂದು ಬೀಗಿದೆ. ಕಿಟಕಿಯ ಪಕ್ಕದ ಮಂಚದಲ್ಲಿ ಮೈ ಚಾಚಿದರೆ ಸಾಕು, ದೂರದಲ್ಲಿ ಏರು ಹತ್ತುವ ಅದಿರು ಲಾರಿಗಳ ಸದ್ದು ಮೆಲ್ಲಗೆ ಕರಗಿ ಅಲೆಗಳ ಸದ್ದಾಗುತ್ತಿತ್ತು. ನಾನು ಎಲ್ಲಿಗೋ ತೇಲಿಹೋಗುತ್ತಿದ್ದೆ. ಬಾಯಾರಿಕೆಯೂ ಹೆಚ್ಚಾಯಿತು. ಗೋವೆಯ ಸೆಕೆಯಲ್ಲಿ ಯಾರಿಗೆ ಬಾಯಾರುವುದಿಲ್ಲ ಹೇಳಿ? ತಂಬಿಗೆಗಟ್ಟಲೆ ನೀರು ಕುಡಿದೆ. ಕುಡಿದ ಮೇಲೆ ಹೋಗಬೇಕಾದಲ್ಲಿಗೆ ಪದೇ ಪದೇ ಹೋಗಲೇಬೇಕಲ್ಲ, ಹೋದೆ. ಪ್ಯಾಂಟು ಸೊಂಟದಿಂದ ಜಾರತೊಡಗಿತು. ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನ ಬೆಳಗಾವಿಯ ಗೆಳೆಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೋವಾದ ಹವಾ ನಿಮಗ ಚಲೋ ಹತ್ತೈತಿ ಬಿಡ್ರಿ" ಎಂದ. ಹಿಡಿ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಹುಡುಕಿ ಹೇಳುವುದು ನನ್ನ ಹೊಟ್ಟೆಪಾಡು. ಅಂಥವನಿಗೆ ಸ್ವಂತ ಮೈಯಲ್ಲಿ ಸಕ್ಕರೆ ಸೇರಿಕೊಂಡದ್ದು ತಿಳಿಯಲಿಲ್ಲ.

ತಿಳಿದದ್ದು ಫೆರ್ರಿಯಿಂದ. ಪಣಜಿಯ ಆಫೀಸಿನಲ್ಲಿ ಕೆಲಸ ಮುಗಿಸಿ, ರಿಬಂದರಿನಲ್ಲಿ ಫೆರ್ರಿ ಹತ್ತಿ, ಮಾಂಡವಿ ನದಿ ದಾಟಿ, ಆಚೆಯ ಚೊಡಣದಲ್ಲಿ ಡಿಚೋಲಿಯ ಬಸ್ಸು ಹಿಡಿಯುವುದು ನನ್ನ ಹಾದಿ. ಅವತ್ತು ಬಿಸಿಲು ಚೆನ್ನಾಗಿತ್ತು. ಅಂಚಿನ ಬೆಂಚಿನಲ್ಲಿ ಕುಳಿತು, ಕೆಂಪು ಅದಿರಿನ ಗುಡ್ಡೆ ಹೊತ್ತು ಸಮುದ್ರದ ಕಡೆ ಹೊರಟಿದ್ದ ಬಾರ್ಜು ಎಂಬ ಚಪ್ಪಟೆ ಹಡಗೊಂದನ್ನು ನೋಡುತ್ತಿದ್ದೆ. ಅದು ಎಷ್ಟು ನಿಧಾನಕ್ಕೆ ಹೋಗುತ್ತಿತ್ತೆಂದರೆ, ಅದು ನಿಂತಿದೆಯೋ ನಾನು ಹೋಗುತ್ತಿದ್ದೇನೋ ತಿಳಿಯದೆ ಕಣ್ಣು ಮುಚ್ಚಿಕೊಂಡವು. ತೆರೆದಾಗ ಚೊಡಣದ ದಡ ದೂರ ಸರಿಯುತ್ತಿತ್ತು. ಇದೇನಿದು ಎಂದು ಯೋಚಿಸುವಷ್ಟರಲ್ಲಿ ಮತ್ತೆ ಜೋಂಪು. ಆಮೇಲೆ ತೆರೆದಾಗ ರಿಬಂದರಿನ ದಡ ದೂರ ಸರಿಯುತ್ತಿತ್ತು. ಹೀಗೆ ಒಂದು ದಡ ಬಂತು, ಇನ್ನೊಂದು ದಡ ಬಂತು, ಎರಡೂ ಹೋದವು. ಯಾರೂ ಎಬ್ಬಿಸಲಿಲ್ಲ. ನಡೆದು ಹತ್ತಿದವರಿಗೆ ಅಲ್ಲಿ ಟಿಕೇಟಿಲ್ಲ. ಮಧ್ಯಾಹ್ನ ಮಲಗಿದವನನ್ನು ಎಬ್ಬಿಸುವ ಕೆಟ್ಟ ಚಾಳಿ ಗೋವೆಯವರಿಗೆ ಮೊದಲೇ ಇಲ್ಲ. ಕಡೆಗೆ ಪಾಳಿ ಬದಲಾಗುವಾಗ ಖಾಕಿ ಅಂಗಿಯವನೊಬ್ಬ ಭುಜ ಮುಟ್ಟಿ, ಸಾಹೇಬರಿಗೆ ಯಾವ ದಡ ಬೇಕಾಗಿತ್ತು ಎಂದು ಕೊಂಕಣಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದ. ದೇವರಾಣೆಗೂ ಆ ಕ್ಷಣ ನನಗೆ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದು ಈ ಕತೆಯನ್ನು ಅಭಿನಯ ಸಮೇತ ಹೇಳಿದೆ. ಪದ್ಮಾ ನಗಲಿಲ್ಲ. ನನ್ನ ಹೆಂಡತಿ ಸಾಮಾನ್ಯವಾಗಿ ನನ್ನ ಪಜೀತಿಗಳಿಗೆ ಧಾರಾಳವಾಗಿ ನಗುವವಳು. ಅವತ್ತು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ, ಮಂಚದ ಬದಿಯ ತಂಬಿಗೆಯನ್ನು ನೋಡಿದಳು, ನನ್ನ ಸೊಂಟದ ಬೆಲ್ಟನ್ನು ನೋಡಿದಳು.

"ನಾಳೆ ಡಾಕ್ಟರ್ ಕಡೆ ಹೋಗೂಣು," ಎಂದಳು. "ನಮ್ಮಪ್ಪಗ ಮೊದಲ ಮೊದಲ ಹಿಂಗ ಆಗಿತ್ರಿ."

ನನ್ನ ಮಾವನವರನ್ನು ನಾನು ಕಂಡದ್ದೇ ಅವರ ಕಣ್ಣು ಹೋದ ಮೇಲೆ. ಹೆಣ್ಣು ನೋಡಲು ಹೋದಾಗ ಅವರು ಕೈಚಾಚಿ ನನ್ನ ಮುಖವನ್ನು ಮುಟ್ಟಿ, "ಚಲೋ ಅದಾನ" ಎಂದು ಒಪ್ಪಿಗೆ ಕೊಟ್ಟಿದ್ದರು. ಸಕ್ಕರೆ ಅವರ ಕಣ್ಣುಗಳನ್ನು ತಿಂದುಹಾಕಿತ್ತು. ಆಗ ಕಾಲೇಜಿಗೆ ಹೋಗುತ್ತಿದ್ದ ಪದ್ಮಾ ಕೈಹಿಡಿದು ಅವರನ್ನು ಸಂಜೆ ತಿರುಗಾಡಿಸುತ್ತಿದ್ದಳು. ಹೀಗಾಗಿ ಡಿಚೋಲಿಯ ಡಾಕ್ಟರು ಪರೀಕ್ಷೆಯ ಕಾಗದ ನೋಡಿ, ಸಕ್ಕರೆ ಇದೆ, ಗುಳಿಗೆ ಬರೆಯುತ್ತೇನೆ, ಸಿಹಿ ಬಿಡಿ, ನಡೆಯಿರಿ ಎಂದಾಗ ಪದ್ಮಾ ಸುಮ್ಮನೆ ತಲೆಯಾಡಿಸಿದಳು. "ಕಣ್ಣುಗಳನ್ನು ಆಗಾಗ ತೋರಿಸುತ್ತಿರಬೇಕು" ಎಂದಾಗ ಮಾತ್ರ ಚೀಲದ ಹಿಡಿಕೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಪ್ರಯೋಗಾಲಯ ನೆನಪಾಯಿತು. ನನ್ನ ಕೆಲಸವೇ ಕಣ್ಣಿನದು. ಅದಿರನ್ನು ಆಮ್ಲದಲ್ಲಿ ಕರಗಿಸಿ, ಮೇಲಿನಿಂದ ಹನಿಹನಿಯಾಗಿ ದ್ರಾವಣ ಬಿಡುತ್ತ ಹೋದರೆ, ಯಾವುದೋ ಒಂದು ಹನಿಗೆ ಹಸಿರು ಸತ್ತು ನೇರಳೆ ಹುಟ್ಟುತ್ತದೆ. ಆ ಹನಿಯನ್ನು ಕಂಡವನಿಗೆ ಸಂಬಳ.

ನಮ್ಮವರು ಈ ಕಾಯಿಲೆಯ ಬಗ್ಗೆ ಮಾತಾಡುವ ರೀತಿಯೇ ಚಂದ. ಜ್ವರ ಬರುತ್ತದೆ, ಕೆಮ್ಮು ಹತ್ತುತ್ತದೆ. ಸಕ್ಕರೆ ಮಾತ್ರ ಆಸ್ತಿಯ ಸಾಲಿಗೆ ಸೇರುತ್ತದೆ. ಅವರಿಗೆ ಹೊಲ ಐತಿ, ಮನಿ ಐತಿ, ಸಕ್ಕರಿ ಐತಿ. ಹಳೆಯ ವೈದ್ಯರು ಇದಕ್ಕೆ ಜೇನಿನ ಹೆಸರಿಟ್ಟು ಮಧುಮೇಹ ಎಂದರು. ಅವರ ಕಾಲದಲ್ಲಿ ರೋಗಿ ಕುಳಿತೆದ್ದ ಜಾಗಕ್ಕೆ ಇರುವೆ ಬಂದರೆ ಸಾಕು, ಪರೀಕ್ಷೆ ಮುಗಿಯಿತು. ಇರುವೆ ಎಂದೂ ತಪ್ಪು ವರದಿ ಕೊಟ್ಟಿರಲಾರದು, ಗುಂಪಿನಲ್ಲಿ ಬಂದು ಖಾತ್ರಿಯನ್ನೂ ಮಾಡಿಕೊಡುತ್ತಿತ್ತು. ನಮ್ಮ ಬಚ್ಚಲಿಗೂ ಕೆಲವು ತಿಂಗಳಿಂದ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ನಾನು ವಿಜ್ಞಾನದ ಪದವೀಧರ, ಅವಕ್ಕೆ ಡಿಡಿಟಿ ಸಿಂಪಡಿಸಿದ್ದೆ.

ಬೆರಳು ಚುಚ್ಚಿ ಮನೆಯಲ್ಲೇ ರಕ್ತ ನೋಡುವ ಯಂತ್ರಗಳು ಆಗ ನಮ್ಮ ಕಡೆಗೆ ಬಂದಿರಲಿಲ್ಲ. ಒಂದು ಶೀಶೆ ನೀಲಿ ದ್ರಾವಣ, ಒಂದು ಗಾಜಿನ ನಳಿಗೆ, ಒಂದು ಸ್ಪಿರಿಟ್ ದೀಪ, ಇಷ್ಟೇ ಸಾಮಗ್ರಿ. ನೀಲಿಗೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ಇನ್ನೂ ಹೆಚ್ಚಿದ್ದರೆ ಕಿತ್ತಳೆ, ಮಿತಿ ಮೀರಿದರೆ ಇಟ್ಟಿಗೆಯ ಕೆಂಪು. ದಿನವಿಡೀ ಕೆಂಪು ಮಣ್ಣನ್ನು ಕರಗಿಸಿ ಬಂದವನು ಬೆಳಗಾಗೆದ್ದು ಅಡಿಗೆಮನೆಯ ಕಟ್ಟೆಯ ಮೇಲೆ ನನ್ನನ್ನೇ ಕಾಯಿಸುತ್ತ ನಿಂತಿರುತ್ತಿದ್ದೆ. ಪದ್ಮಾ ಒಲೆಯ ಕಡೆಯಿಂದ ತಿರುಗಿ, "ಯಾವ ಬಣ್ಣ ಬಂತ್ರಿ?" ಎಂದು ಕೇಳುವಳು. ನಾನು ಗತ್ತಿನಿಂದ "ನೀಲಿ" ಎನ್ನುವೆ. ಮನೆಯಲ್ಲಿ ರಸಾಯನಶಾಸ್ತ್ರಜ್ಞ ಇರುವಾಗ ಅವನನ್ನೇ ಕೇಳುವುದು ನ್ಯಾಯವಲ್ಲವೇ?

ದಿನಾ ನೀಲಿ ಬಂದದ್ದರಿಂದ ನನಗೆ ಕೊಂಬು ಮೂಡಿತು. ಈ ಕಾಯಿಲೆಯನ್ನು ಮಣಿಸಿದೆ ಎಂದು ಚೌತಿಯ ಹಬ್ಬದಲ್ಲಿ ನೆರೆಮನೆಯ ಕೊಂಕಣಿ ಬಾಯಿ ಕೊಟ್ಟು ಕಳಿಸಿದ ನೆವ್ರಿ, ಅಂದರೆ ನಮ್ಮ ಕರ್ಚಿಕಾಯಿಯ ತಂಗಿ, ಎರಡನ್ನು ತಿಂದೆ. ತಿನ್ನುತ್ತ, ಬಂದ ಗೆಳೆಯರಿಗೆ ನನ್ನ ಕೆಲಸದ ಗುಟ್ಟನ್ನು ವಿವರಿಸುತ್ತಿದ್ದೆ. ಅದಿರಿನ ಗುಡ್ಡೆಯ ಮುಖ ನೋಡಿ ಮರುಳಾಗಬಾರದು. ಮುಂದೆ ಹಿಂದೆ, ಮೇಲೆ ಕೆಳಗೆ, ಎಲ್ಲ ಕಡೆಯಿಂದ ಹಿಡಿಹಿಡಿ ತೆಗೆದು ಬೆರೆಸಿದರೇನೇ ಅದು ಸ್ಯಾಂಪಲ್ಲು, ಇಲ್ಲದಿದ್ದರೆ ಕಣ್ಕಟ್ಟು. ಗೆಳೆಯರು ತಲೆದೂಗಿದರು. ಅವರು ಹೋದ ಮೇಲೆ ಪದ್ಮಾ ನೆವ್ರಿಯ ತಟ್ಟೆ ಎತ್ತುತ್ತ ಕೇಳಿದಳು.

"ಮತ್ತ ನೀವು ಬರೇ ಮುಂಜಾನೆ ಬರಿ ಹೊಟ್ಟೀದು ನೋಡ್ತೀರಲ್ರೀ? ಅದು ಗುಡ್ಡಿ ಮುಖ ಅಲ್ಲೇನು?"

ಸ್ವಲ್ಪ ಹೊತ್ತು ಬಿಟ್ಟು ಪರೀಕ್ಷೆ ಮಾಡಿದೆವು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತ ಕಿತ್ತಳೆ ದಾಟಿ, ಡಿಚೋಲಿಯ ಲಾರಿ ರಸ್ತೆಯ ಕೆಂಪಾಗಿ ನಿಂತಿತು. "ಯಾವ ಬಣ್ಣರಿ?" ಎಂದಳು. ನಾನು ನಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಇದ್ದೆ. ಎರಡನೆಯ ಸಲ ಕೇಳಿದಾಗ ಅವಳ ದನಿ ನಡುಗುತ್ತಿತ್ತು. "ಕೆಂಪು" ಎಂದೆ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಕೆಂಪು ಬಂದರೆ ಯಾರಾದರೂ ಹಾಗೆ ನಿರಾಳವಾಗಿ ಉಸಿರು ಬಿಡುತ್ತಾರೆಯೇ?

"ನಿನಗ ಕಾಣತೈತಲ್ಲ, ಮತ್ಯಾಕ ನನ್ನ ಕೇಳ್ತಿ?" ಎಂದು ರೇಗಿದೆ.

"ನನಗ ಕಾಣತೈತ್ರಿ," ಎಂದಳು ಮೆಲ್ಲಗೆ. "ನಿಮಗ ಕಾಣತೈತೋ ಇಲ್ಲೋ ಅಂತ ಕೇಳಾಕತ್ತೇನಿ."

ಆಮೇಲೆ ನಿಧಾನಕ್ಕೆ ಹೇಳಿದಳು. ಕಣ್ಣು ಮಂಜಾಗುತ್ತಿರುವುದನ್ನು ಅವಳ ಅಪ್ಪ ಮನೆಯವರಿಂದ ಬಹಳ ದಿನ ಮುಚ್ಚಿಟ್ಟಿದ್ದರಂತೆ. ಒಂದು ಹಬ್ಬದ ದಿನ ಇವಳು ಹೊಸ ಸೀರೆ ಉಟ್ಟು ನಮಸ್ಕಾರ ಮಾಡಿದಾಗ, ಹಸಿರು ನಿನಗೆ ಭಾಳ ಚಂದ ಒಪ್ಪುತ್ತದೆ ಮಗಳೇ ಎಂದರಂತೆ. ಸೀರೆ ಕೆಂಪಾಗಿತ್ತು. ಪೂರ್ತಿ ಕತ್ತಲಾದ ಮೇಲೆ ಅವರು ಮಧ್ಯಾಹ್ನದ ನಿದ್ದೆಗೆ ಕಾಯುತ್ತಿದ್ದರಂತೆ, ಏಕೆಂದರೆ ಕನಸಿನಲ್ಲಿ ಅವರಿಗೆ ಎಲ್ಲವೂ ಕಾಣುತ್ತಿತ್ತು. ಎದ್ದ ಕೂಡಲೇ ಇವಳು ಚಹಾ ಕೊಟ್ಟು "ಅಪ್ಪಾ, ಇವತ್ತೇನು ಕಂಡಿ?" ಎಂದು ಕೇಳುವಳು. ಅವರು ಸಾಧನಕೇರಿಯ ನೀರು, ಪೇರಲ ಹಣ್ಣಿನ ಬುಟ್ಟಿ, ತೀರಿಕೊಂಡ ತಾಯಿಯ ಮೂಗುತಿ, ಒಂದೊಂದನ್ನೂ ಬಣ್ಣ ಸಮೇತ ಹೇಳುವರು. ಇದನ್ನು ಕೇಳಿ ನನಗೆ ಅಳು ಬಂತು. ಇಷ್ಟು ದಿನ ಪ್ರತಿ ಬೆಳಿಗ್ಗೆ ನನ್ನ ಪರೀಕ್ಷೆಯ ಪಕ್ಕದಲ್ಲಿ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು, ನಾನು ಗತ್ತಿನಿಂದ ಪಾಸಾಗುತ್ತಿದ್ದೆ.

ಅಲ್ಲಿಂದ ನಾನು ದಾರಿಗೆ ಬಂದೆ. ಗುಡ್ಡೆಯ ಎಲ್ಲ ಕಡೆಯಿಂದ ಸ್ಯಾಂಪಲ್ಲು ತೆಗೆದೆ. ಅನ್ನ ಕಡಿಮೆಯಾಗಿ, ಧಾರವಾಡದಿಂದ ಬಸ್ಸಿನಲ್ಲಿ ಜೋಳ ಬಂದು, ಗೋವೆಯ ಅಡಿಗೆಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಎದ್ದಿತು. ಸಂಜೆ ಇಬ್ಬರೂ ಬಾರ್ಜು ತುಂಬುವ ಧಕ್ಕೆಯವರೆಗೆ ನಡೆದು ಬರತೊಡಗಿದೆವು. ಘಟ್ಟ ಇಳಿದು ಬರುವ ನೆಂಟರು ಪೇಢೆಯ ಪೆಟ್ಟಿಗೆ ತರುವುದನ್ನು ಬಿಡಲಿಲ್ಲ. ಪದ್ಮಾ ಅದನ್ನು ಬಿಚ್ಚದೆ ಹಾಗೆಯೇ ನೆರೆಮನೆಗೆ ದಾಟಿಸುತ್ತಿದ್ದಳು. ಸಕ್ಕರೆ ಡಬ್ಬಿ ಮಾಯವಾಯಿತು. ತಾನೂ ಸಪ್ಪೆ ಚಹಾ ಕುಡಿಯುತ್ತ, "ಹಿಂಗ ಚಲೋ ಹತ್ತತೈತ್ರಿ" ಎನ್ನುತ್ತಿದ್ದಳು. ನಾನು ನಂಬಿದೆ. ಗಂಡಸರು ಇಂಥದ್ದನ್ನು ಬೇಗ ನಂಬುತ್ತಾರೆ.

ನಿದ್ದೆಯ ಆ ಹಳೆಯ ಮಂಪರು ಹೋಯಿತು. ಈಗ ಬರುವುದು ರಜೆಯ ದಿನದ ತೆಳು ನಿದ್ದೆ, ಅದರಲ್ಲಿ ಕನಸುಗಳು ಚೆನ್ನಾಗಿ ಕಾಣುತ್ತವೆ. ನಾನು ಎದ್ದಾಗ ಪದ್ಮಾ ಚಹಾ ತಂದು, ಅಪ್ಪನನ್ನು ಕೇಳುತ್ತಿದ್ದಂತೆಯೇ, "ಏನು ಕಂಡ್ರಿ?" ಎಂದು ಕೇಳುವ ರೂಢಿ ಮಾಡಿಕೊಂಡಳು. ಒಂದು ಭಾನುವಾರ ನನ್ನ ಕನಸಿನಲ್ಲಿ ಮಾಂಡವಿಯ ಮೇಲೆ ಬಾರ್ಜು ಬಂತು. ಅದೇ ನಿಧಾನ, ಅದೇ ಬಿಸಿಲು. ಹತ್ತಿರ ಬಂದಾಗ ನೋಡುತ್ತೇನೆ, ಅದರಲ್ಲಿರುವುದು ಅದಿರಲ್ಲ, ಧಾರವಾಡದ ಪೇಢೆ! ಗುಡ್ಡೆಗುಡ್ಡೆ ಪೇಢೆ, ಮೈತುಂಬ ಸಕ್ಕರೆಯ ಹರಳು ಮಿನುಗುತ್ತಿವೆ. ನಾನು ಕಂಪನಿಯ ಮನುಷ್ಯ, ಸ್ಯಾಂಪಲ್ಲು ತೆಗೆಯುವುದು ನನ್ನ ಧರ್ಮ. ಮುಂದಿನಿಂದ ಒಂದು, ಹಿಂದಿನಿಂದ ಒಂದು, ನಡುವಿನಿಂದ ಒಂದು, ಗುಡ್ಡೆಯ ಮುಖಕ್ಕೆ ಮರುಳಾಗದೆ ತಳದಿಂದಲೂ ಒಂದು ತೆಗೆದು ನಿಷ್ಠೆಯಿಂದ ಪರೀಕ್ಷಿಸಿದೆ. ಎಲ್ಲ ಕಡೆಯೂ ಒಂದೇ ರುಚಿ ಇತ್ತು.

ಇದನ್ನು ಹೇಳಿದಾಗ ಪದ್ಮಾ ಬಿದ್ದು ಬಿದ್ದು ನಕ್ಕಳು. ಫೆರ್ರಿಯ ಕತೆಗೆ ಬಾಕಿ ಉಳಿದಿದ್ದ ನಗುವೂ ಅವತ್ತೇ ಬಂದಿರಬೇಕು. "ಬಣ್ಣ?" ಎಂದಳು. "ಕಂದು, ಮ್ಯಾಲ ಬಿಳಿ ಸಕ್ಕರಿ," ಎಂದೆ. ಕಣ್ಣೊರೆಸಿಕೊಳ್ಳುತ್ತ ಎದ್ದು, ಅಷ್ಟೊಂದು ತಿಂದವರನ್ನು ನೋಡದೆ ಬಿಡಬಾರದು ಎಂದು ನಳಿಗೆ ತಂದಳು. ಕಾಯಿಸಿದೆವು. ಕುದಿ ಬಂತು, ಕಾದೆವು, ಬಣ್ಣ ಕದಲಲಿಲ್ಲ. ಅವಳು ಕೇಳುವ ಮೊದಲೇ "ನೀಲಿ" ಎಂದೆ. ತಿಳಿಯಾದ ನೀಲಿ, ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ನಳಿಗೆಯನ್ನು ತೊಳೆಯಲು ಒಯ್ದಳು. ನೀರಿನ ಸದ್ದಿನ ನಡುವೆ, ನನ್ನ ಕಡೆ ತಿರುಗದೆ ಹೇಳಿದಳು.

"ಬಾರ್ಜು ತುಂಬ ಇದ್ವಲ್ರೀ. ನನಗೊಂದು ತರಬೇಕು ಅಂತ ಅನಿಸಲಿಲ್ಲೇನು?"

ಅಂದಿನಿಂದ ನಾನು ಮಧ್ಯಾಹ್ನ ಮಲಗುವಾಗ ಅಂಗಿಯ ಜೇಬಿನಲ್ಲಿ ಒಗೆದ ಕರವಸ್ತ್ರವೊಂದನ್ನು ಇಟ್ಟುಕೊಂಡೇ ಮಲಗುತ್ತೇನೆ. ಮತ್ತೆ ಆ ಬಾರ್ಜು ಬಂದರೆ ಕಟ್ಟಿಕೊಂಡು ಬರಲು ಏನಾದರೂ ಬೇಕಲ್ಲ.