ಆಚೆ ಗೇಟಿನ ನೆರಳು

ಆ ರಸ್ತೆಯ ಹೆಂಗಸರೆಲ್ಲ ಅಂಗಿ ಹೊಲಿಯುವವರೇ. ಆದರೆ ಒಂದು ಇಡೀ ಅಂಗಿ ಹೊಲಿಯಲು ಒಬ್ಬಳಿಗೂ ಬರುತ್ತಿರಲಿಲ್ಲ. ತೋಳಿನವಳಿಗೆ ತೋಳು, ಜೇಬಿನವಳಿಗೆ ಜೇಬು. ಹುಡುಗಿಯಾಗಿದ್ದಾಗಲೇ ಕಾಲರ್ ಹಿಡಿದವಳು ಎಲ್ಲರ ಬಾಯಲ್ಲಿ ಕಾಲರಕ್ಕ ಆದಳು. ತಾಯಿ ಸತ್ತ ಮೇಲೆ ತಂಗಿಯನ್ನು ಸಾಕಿದ್ದು ಆ ಕಾಲರೇ. ಊರ ಗಂಡಸರ ಕುತ್ತಿಗೆ ಹಿಡಿದೇ ಸಂಸಾರ ತೂಗಿಸಿದೆ ಎಂದು ಅವಳು ನಗುತ್ತಿದ್ದಳು.

ಆಗ ರಸ್ತೆಯ ಈಚೆಗೊಂದು ಕಾರ್ಖಾನೆ, ಆಚೆಗೊಂದು. ಮಾಲೀಕರಿಬ್ಬರೂ ಹಾವು ಮುಂಗುಸಿ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರಲ್ಲ, ಆ ಮೂರನೆಯವರು ಈ ಹೆಂಗಸರು. ಈಚೆಯವರು ಕೂಲಿ ಏರಿಸಲು ಮೀನಮೇಷ ಎಣಿಸಿದರೆ ಇವರು ಕೂಗಾಡುತ್ತಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ರಸ್ತೆ ದಾಟಿ, ಆಚೆ ಗೇಟಿನ ಮರದ ಕೆಳಗೆ ಕೂತು ಉಣ್ಣುತ್ತಿದ್ದರು, ಅಷ್ಟೇ. ಆಚೆಯವರು ಕುಡಿಯಲು ತಣ್ಣನೆಯ ನೀರು ಕಳಿಸುತ್ತಿದ್ದರು. ಮರುದಿನವೇ ಈಚೆಯ ಮೇಸ್ತ್ರಿ ಓಡಿ ಬಂದು, ಬನ್ನಿ ತಾಯಂದಿರಾ, ಯಜಮಾನರು ಒಪ್ಪಿದ್ದಾರೆ ಎಂದು ಕೈ ಮುಗಿಯುತ್ತಿದ್ದ.

ಆಮೇಲೆ ಹಾವಿನ ಮಗಳನ್ನು ಮುಂಗುಸಿಯ ಮಗನಿಗೆ ಕೊಟ್ಟು ಇಬ್ಬರೂ ಬೀಗರಾದರು. ಕೆಲಸದ ಹೆಂಗಸರಿಗೂ ಊಟ ಹಾಕಿಸಿದರು. ಕಾಲರಕ್ಕ ಮದುಮಗಳ ತಲೆ ಸವರಿ, ನೂರು ಕಾಲ ಚೆನ್ನಾಗಿರು ಎಂದು ಹರಸಿ ಬಂದಳು. ತಮ್ಮ ಹೊಟ್ಟೆಯ ಮೇಲೆ ಹೊಡೆಯುವ ಮದುವೆಗೆ ತಾವೇ ಹೋಗಿ ಉಂಡು ಬಂದರು. ಅದೇ ವರ್ಷ ಆಚೆ ಗೇಟನ್ನು ಮುಚ್ಚಿದರು. ಅಲ್ಲಿಯ ಹೆಂಗಸರೂ ಈಚೆಗೇ ಬಂದು ಕೆಲಸಕ್ಕೆ ಕಾದು ನಿಂತರು. ಯಜಮಾನರ ಮನೆಗೆ ಇನ್ನೊಂದು ಮಹಡಿ ಎದ್ದಿತು, ಕೂಲಿ ಇಳಿಯಿತು.

ಕಾಲರಕ್ಕನಿಗೆ ಗೊತ್ತಿದ್ದದ್ದು ಒಂದೇ ಜಗಳ. ಡಬ್ಬಿ ಹಿಡಿದು ರಸ್ತೆ ದಾಟಿದಳು. ಮೊದಲ ದಿನ ಮರದ ಕೆಳಗೆ ಜಾಗ ಸಾಲಲಿಲ್ಲ. ಮೇಸ್ತ್ರಿ ಓಡಿ ಬರಲಿಲ್ಲ. ಈಚೆಯಿಂದಲೇ ನೋಡಿ, ನಿಧಾನವಾಗಿ ಉಣ್ಣಿ ಎಂದ. ದಿನ ಕಳೆದಂತೆ ಒಬ್ಬೊಬ್ಬರೇ ಒಳಗೆ ಉಳಿದರು. ಅವರನ್ನು ಬೈಯಲಾದೀತೆ? ಮಕ್ಕಳ ಹಸಿವಿಗೆ ಹಟ ಗೊತ್ತಿಲ್ಲ. ಜೇಬು ಹೊಲಿಯುತ್ತಿದ್ದ ತಂಗಿಯನ್ನೂ, ಇಬ್ಬರೂ ಬೀದಿಗೆ ಬೀಳುವುದು ಬೇಡ ಎಂದು ಅಕ್ಕನೇ ತಡೆದಳು. ಕೊನೆಗೊಂದು ಮಧ್ಯಾಹ್ನ ಬೀಗ ಜಡಿದ ಗೇಟಿನ ಮುಂದೆ ಅವಳೊಬ್ಬಳೇ ಕೂತು ಉಂಡಳು. ತಿರುಗಿ ಬಂದಾಗ ಕಾವಲುಗಾರ ಒಳಗೆ ಬಿಡಲಿಲ್ಲ.

ತನ್ನನ್ನು ಕರೆದೇ ಕರೆಯುತ್ತಾರೆ ಎಂಬ ಧೈರ್ಯ ಅವಳಿಗಿನ್ನೂ ಇತ್ತು. ಅಷ್ಟು ಚೂಪಾಗಿ ಕಾಲರಿನ ತುದಿ ತೆಗೆಯುವವಳು ಇನ್ನೊಬ್ಬಳಿರಲಿಲ್ಲ. ಇದ್ದರೆ, ಜೇಬಿಗಿಂತ ಕಾಲರಿಗೆ ನಾಲ್ಕು ಕಾಸು ಹೆಚ್ಚು ಸಿಗಲಿ ಎಂದು ಅವಳೇ ಮನೆಯಲ್ಲಿ ಕೂರಿಸಿ ಕಲಿಸಿದ್ದ ತಂಗಿ. ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದು ಅವಳಿಗೆ ತಿಳಿದದ್ದು ಸಂಜೆ, ತಂಗಿ ಮನೆಯೊಳಗೆ ಬರದೆ ಹೊಸ್ತಿಲಲ್ಲೇ ಕೂತಾಗ.

"ಅಕ್ಕ, ನನ್ನನ್ನ ಕಾಲರಿಗೆ ಕೂರಿಸಿದ್ರು. ಜೇಬಿನ ಕೂಲಿಗೇ."

ನಾಳೆಯಿಂದ ಹೋಗುವುದಿಲ್ಲ ಎಂದು ತಂಗಿ ಅತ್ತಳು. ಕಾಲರಕ್ಕ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿದಳು.

"ಬಿಟ್ಟು ಎಲ್ಲಿಗೆ ಹೋಗ್ತೀಯ? ಇರೋದೇ ಒಂದು ಗೇಟು."

ತಟ್ಟೆಗೆ ಬಡಿಸುತ್ತಾ, ಯಾವ ಮೆಷಿನ್ನು ಕೊಟ್ಟರು ಎಂದು ಕೇಳಿದಳು. ನಿನ್ನದೇ ಎಂದಳು ತಂಗಿ.

"ಕಾಲು ನೋಯಬಾರದು ಅಂತ ಪೆಡಲಿಗೆ ಬಟ್ಟೆ ಸುತ್ತಿದ್ದೆ. ಹಾಗೇ ಇದೆಯಾ?"

"ಬಿಚ್ಚಿ ಎಸೆದುಬಿಟ್ರು, ಅಕ್ಕ."

ಕೆಲಸ ಹೋದದ್ದಕ್ಕೆ ಅಳದವಳು ಆ ಬಟ್ಟೆಯ ಚೂರಿಗೆ ಅತ್ತಳು. ಅತ್ತು ಮುಗಿಸಿ, ಹಳೆಯ ಹೊದಿಕೆಯೊಂದರ ಅಂಚನ್ನು ಉದ್ದಕ್ಕೆ ಹರಿದು ಸುತ್ತಿಟ್ಟಳು. ಬೆಳಿಗ್ಗೆ ತಂಗಿಯ ಡಬ್ಬಿಯ ಜೊತೆ ಅದನ್ನೂ ಚೀಲಕ್ಕೆ ಹಾಕಿದಳು.

"ಒಳಗೇ ಕೂತು ಉಣ್ಣು," ಅಂದಳು. "ರಸ್ತೆ ದಾಟಬೇಡ."