ಫ್ಲಾವಿಯಾ ಬಾಯಿ ಬರೆದ "ಇಲ್ಲ"

"ಊರಿಗೆಲ್ಲ ಇಂಜೆಕ್ಷನ್ ಚುಚ್ಚಿದ ಬಾಯಮ್ಮನಿಗೆ ಮೊಮ್ಮಗಳಿಗೆ ಒಂದು ಪೆಟ್ಟು ಕೊಡ್ಲಿಕ್ಕೆ ಕೈ ಬರುವುದಿಲ್ಲ!"

ಫಳ್ನೀರಿನ ಆ ಓಣಿಯಲ್ಲಿ ನಿವೃತ್ತ ನರ್ಸ್ ಫ್ಲಾವಿಯಾ ಬಾಯಿಯ ಬೆನ್ನ ಹಿಂದೆ ಆಡುತ್ತಿದ್ದ ಮಾತು ಇದು. ಪಕ್ಕದ ಮನೆಯ ಸೆವರಿನ್ ಮಾತ್ರ ಎದುರಿಗೇ ಹೇಳಿಬಿಡುತ್ತಿದ್ದ: "ಮುದ್ದು ಜಾಸ್ತಿ ಆಯ್ತು ಬಾಯೆ."

ಮೊಮ್ಮಗಳು ಫಿಯೋನಾಗೆ ಹದಿನೈದು. ಮೀನು ತೊಳೆ, ಗ್ಯಾಸ್ ಆಫ್ ಮಾಡು, ಬಾಗಿಲು ಹಾಕು ಎಂದರೆ ಮೀನು ತೊಳೆದು ಸುಮ್ಮನೆ ನಿಲ್ಲುವಳು. ಗಣಿತದಲ್ಲಿ ಎರಡನೇ ಹೆಜ್ಜೆಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು. ಅವಸರ ಮಾಡಿದರೆ ಪೆನ್ನು ಗೋಡೆಗೆ ಬೀಳುತ್ತಿತ್ತು. ಹತ್ತನೇ ತರಗತಿಯ ಪರೀಕ್ಷೆಗೆ ಹೆಚ್ಚು ಸಮಯ ಸಿಗದಿದ್ದರೆ ಹುಡುಗಿ ಪಾಸಾಗುವ ಮಾತೇ ಇರಲಿಲ್ಲ.

ಅದಕ್ಕೆ ಶಾಲೆಯವರು ಡಾಕ್ಟರ ಕಾಗದ ಕೇಳಿದರು. ತಲೆಯ ಸ್ಕ್ಯಾನ್ ಆಯಿತು. ರಿಪೋರ್ಟು ನೋಡಿ ಹೆಡ್ಮಿಸ್ ನಕ್ಕರು. "ನಾರ್ಮಲ್ ಅಂತ ಉಂಟಲ್ಲ! ಹಾಗಾದ್ರೆ ಇದು ಹಠವೇ."

ಬಾಯಿ ಆ ರಿಪೋರ್ಟನ್ನು ಡಾಕ್ಟರ್ ತಾರಾನಾಥರ ಮೇಜಿನ ಮೇಲೆ ಕುಕ್ಕಿದಳು. "ಎಂತ ಡಾಕ್ಟ್ರೇ ಇದು?"

"ಇದರಲ್ಲಿ ಮಿದುಳಿನ ಆಕಾರ ಕಾಣ್ತದೆ, ಅಷ್ಟೆ. ಒಂದು ಭಾಗ ಇನ್ನೊಂದರ ಜೊತೆ ಹೇಗೆ ಮಾತಾಡ್ತದೆ ಅಂತ ಕಾಣುವುದಿಲ್ಲ." ಅವರು ಫಿಯೋನಾ ಹುಟ್ಟಿದ ಆಸ್ಪತ್ರೆಯ ಹಳೆಯ ಫೈಲು ತಿರುವಿದರು. "ಬಸುರಿಯಾಗಿದ್ದಾಗ ತಾಯಿ ಮತ್ತಿನ ಮದ್ದು ಏನಾದ್ರೂ ತಿಂದಿದ್ದಾರಾ ಅಂತ ಕೇಳಿದ ಜಾಗದಲ್ಲಿ 'ಇಲ್ಲ' ಅಂತ ಬರೆದಿದ್ದಾರೆ."

ಬಾಯಿ ಬಗ್ಗಿ ನೋಡಿದಳು. ಆ ಅಕ್ಷರ ಅವಳದೇ. ಫಿಯೋನಾಳ ತಾಯಿ, ಅಂದರೆ ಅವಳ ಮಗಳು ಡ್ಯಾಫ್ನಿ, ಸ್ಕೂಟರಿನಿಂದ ಬಿದ್ದ ಮೇಲೆ ಮತ್ತು ಬರಿಸುವ ನೋವಿನ ಮಾತ್ರೆಗೆ ಅಂಟಿಕೊಂಡಿದ್ದಳು. ಬಸುರಿಯಾದಾಗಲೂ ಬಿಡಲಿಲ್ಲ. ಹೆರಿಗೆ ಆದದ್ದು ಬಾಯಿ ಕೆಲಸಕ್ಕಿದ್ದ ಆಸ್ಪತ್ರೆಯಲ್ಲೇ. ಜೊತೆಯ ನರ್ಸುಗಳು ನಾಳೆ ಇಗರ್ಜಿಯಲ್ಲಿ, ಪೂಜೆ ಮುಗಿದ ಮೇಲೆ, ಆಡಿಕೊಳ್ಳಬಾರದೆಂದು, "ಕೊಡಿ, ನಾನೇ ತುಂಬಿಸ್ತೇನೆ" ಎಂದು ಫಾರ್ಮು ಕಸಿದುಕೊಂಡವಳು ಅವಳು.

ಈಗ ಎಲ್ಲ ಹೇಳಿದಳು.

ಡಾಕ್ಟರು ಬೈಯಲಿಲ್ಲ. "ಹೊಟ್ಟೆಯಲ್ಲಿರುವಾಗ ಇಂಥ ಮದ್ದು ತಾಗಿದ ನೂರಾರು ಮಕ್ಕಳನ್ನು ಬೇರೆ ಮಕ್ಕಳ ಜೊತೆ ಹೋಲಿಸಿ ನೋಡಿದಾಗ, ಈ ಪ್ರಾಯದಲ್ಲಿ ಮಿದುಳಿನ ಆ ಸಂಪರ್ಕಗಳಲ್ಲಿ ವ್ಯತ್ಯಾಸ ಕಂಡದ್ದುಂಟು. ಇವಳ ಕಷ್ಟಕ್ಕೆ ಅದೇ ಕಾರಣ ಅಂತ ನಾನು ಆಣೆ ಹಾಕಲಾರೆ. ಆದ್ರೆ ಇವಳ ನೆನಪು, ಗಮನದ ಪರೀಕ್ಷೆ ಮಾಡಿ, ಈ ಕತೆಯನ್ನೂ ಸೇರಿಸಿ ಬರೆದರೆ ಕಾಗದಕ್ಕೆ ತೂಕ ಬರ್ತದೆ."

"ಪೆಟ್ಟು ಕೊಡದಿದ್ರೂ, ಹಠ ಅಂತ ನಾನೂ ಹುಡುಗಿಗೆ ಬೈದೆನಲ್ಲ ಡಾಕ್ಟ್ರೇ!"

ಮಸ್ಕತ್ತಿನಲ್ಲಿ ಡ್ಯಾಫ್ನಿ ಈಗ ಮಾತ್ರೆ ಬಿಟ್ಟು, ಇನ್ನೊಂದು ಮದುವೆಯಾಗಿ ನೆಲೆನಿಂತಿದ್ದಳು. ಬಾಯಿ ವಿಷಯ ಹೇಳಿದ್ದೇ ಫೋನಿನಲ್ಲೇ ಕಿರುಚಿದಳು. "ಮಾಮ್ಮಿ, ನನ್ನ ಗಂಡನಿಗೆ ಗೊತ್ತಾದ್ರೆ? ಆ ಕಾಗದ ಶಾಲೆಗೆ ಹೋಗಬಾರದು."

"ಮತ್ತೆ ಹುಡುಗಿ ಫೇಲಾಗ್ಲಿಯಾ?"

"ಆ ಮನೆ ನನ್ನ ದುಡ್ಡಿನದ್ದು, ನೆನಪಿರಲಿ. ಕಾಗದ ಕೊಡುವುದಾದ್ರೆ ಖಾಲಿ ಮಾಡಿ."

ಬಾಯಿ ಕಾಗದ ಕೊಟ್ಟಳು. ಹೆಡ್ಮಿಸ್ ಎರಡು ಸಲ ಓದಿ, "ಬೋರ್ಡಿಗೆ ಕಳಿಸ್ತೇವೆ, ಮುಂದೆ ನೋಡುವ" ಎಂದರು. ಅಷ್ಟೇ. ಹೌದೂ ಅಲ್ಲ, ಅಲ್ಲವೂ ಅಲ್ಲ. ವಾರದೊಳಗೆ ಮಾತ್ರೆಯ ಸುದ್ದಿ ಓಣಿಗೆ ಮಾತ್ರ ತಪ್ಪದೆ ಬಂದು ತಲುಪಿತು.

ಮನೆ ಬಿಡುವ ದಿನ ಕೂಳೂರಿನ ಬಾಡಿಗೆ ಮನೆಗೆ ಸಾಮಾನು ಮೊದಲೇ ಹೋಗಿತ್ತು. ಬಾಯಿ ಬೀಗ ಹಾಕಿ ಕೀಲಿಯನ್ನು ಸೆವರಿನ್ ಕೈಗಿಟ್ಟಳು. ಅವನು ನೆಲ ನೋಡಿದ. "ನಮಗೆ ಮೊದಲೇ ಹೇಳಬಾರದಿತ್ತಾ ಬಾಯೆ?"

"ಹೇಳಿದ್ರೆ ಎಂತ ಮಾಡ್ತಿದ್ದಿ ಮಾರಾಯ?"

ಅವನು ಕೀಲಿಯನ್ನು ಜೇಬಿಗಿಳಿಸಿದ. ಬಾಯಿ ಮೊಮ್ಮಗಳ ಕೈ ಹಿಡಿದು ಮೆಟ್ಟಿಲಿಳಿದು ರಿಕ್ಷಾ ಹತ್ತಿದಳು.